ಅಂದಾಜಿನ ಜೊತೆ ಇಷ್ಟು ವರ್ಷ

1980ರ ದಶಕದ ಆರಂಭದಲ್ಲಿ ನಾನು ಬೆಂಗಳೂರಿನ ಒಂದು ಬ್ಯಾಂಕಿನ ಕೇಂದ್ರ ಕಚೇರಿಯಲ್ಲಿ ಕೆಲಸಕ್ಕಿದ್ದೆ. ಇ.ಡಿ.ಪಿ. ವಿಭಾಗವೆಂದು ಬೋರ್ಡು. ಚಪ್ಪಲಿ ಬಾಗಿಲಾಚೆ ಬಿಟ್ಟು ಒಳಗೆ ಹೋಗಬೇಕು. ಇಡೀ ಕಟ್ಟಡದಲ್ಲಿ ಏಸಿ ಇದ್ದದ್ದು ಚೇರ್ಮನ್ನರ ಕೋಣೆಗೆ, ಬಿಟ್ಟರೆ ನಮ್ಮ ಯಂತ್ರಕ್ಕೆ. ಶಾಖೆಗಳಲ್ಲಿ ಇನ್ನೂ ದಪ್ಪ ಲೆಡ್ಜರುಗಳದೇ ರಾಜ್ಯ. ಕಂಪ್ಯೂಟರ್ ಬಂದರೆ ಗುಮಾಸ್ತರ ಹೊಟ್ಟೆಯ ಮೇಲೆ ಹೊಡೆದಂತೆ ಎಂದು ಯೂನಿಯನ್ನಿನವರು ಆಗಾಗ ಗೇಟಿನ ಮುಂದೆ ಘೋಷಣೆ ಕೂಗುತ್ತಿದ್ದರು. ರಂಗರಾಜನ್ ಸಮಿತಿಯ ವರದಿ ಬಂದು ಬ್ಯಾಂಕುಗಳ ಯಾಂತ್ರೀಕರಣಕ್ಕೆ ಒಂದು ದಾರಿ ಆದದ್ದು 1984ರಲ್ಲಿ. ಇದು ಅದಕ್ಕೂ ಮುಂಚಿನ ಮಾತು.

ಸಾಲ ವಿಭಾಗದ ಮುಖ್ಯಸ್ಥರು ಒಂದು ಮಧ್ಯಾಹ್ನ ನಮ್ಮ ಕೋಣೆಗೆ ಬಂದು ಎದುರಿಗೆ ಕೂತರು. ನಿವೃತ್ತಿ ಹತ್ತಿರವಾಗಿದ್ದ ಹಿರಿಯರು, ಬಡ್ಡಿಯನ್ನು ಬಾಯಲೆಕ್ಕದಲ್ಲೇ ಹೇಳುವವರು. ಅವರಿಗೆ ಬೇಕಾಗಿದ್ದದ್ದು ಒಂದೇ ಸಂಗತಿ. “ನಮ್ಮಲ್ಲಿ ಸಾಲ ತಗೊಂಡು ಕಂತು ಕಟ್ಟದೆ ಕೂತಿದಾರಲ್ಲ, ಅವರಲ್ಲಿ ನಮ್ಮಲ್ಲೇ ಎಫ್.ಡಿ. ಇಟ್ಟಿರೋರು ಎಷ್ಟು ಜನ?”

“ಪ್ರೋಗ್ರಾಂ ಬರೀಬೇಕು ಸಾರ್. ಸ್ವಲ್ಪ ದಿನ ಹಿಡಿಯುತ್ತೆ.”

“ಅಲ್ಲಮ್ಮಾ, ಎರಡೂ ಲೆಕ್ಕ ನಿಮ್ಮ ಯಂತ್ರದೊಳಗೇ ಇದೆ ಅಂತೀರಿ. ಇರೋದನ್ನ ಹೇಳೋಕೆ ಅದಕ್ಕೇನು ಕಷ್ಟ?”

ಕಷ್ಟ ಇದ್ದದ್ದು ಹೀಗೆ. ಸಾಲದ ಲೆಕ್ಕ ಒಂದು ಟೇಪಿನಲ್ಲಿ, ಸಾಲದ ನಂಬರಿನ ಕ್ರಮದಲ್ಲಿ. ಠೇವಣಿಯ ಲೆಕ್ಕ ಇನ್ನೊಂದು ಟೇಪಿನಲ್ಲಿ, ರಸೀದಿ ನಂಬರಿನ ಕ್ರಮದಲ್ಲಿ. ಟೇಪೆಂದಮೇಲೆ ಮೊದಲಿಂದ ಕೊನೆಯತನಕ ಓದದೆ ಗತಿಯಿಲ್ಲ, ನಡುವೆ ಎಲ್ಲೋ ಇರುವುದನ್ನು ಹೆಕ್ಕಿ ತೆಗೆಯಲಾಗದು. ಮೊದಲು ಎರಡನ್ನೂ ಗ್ರಾಹಕರ ಸಂಖ್ಯೆಯ ಕ್ರಮಕ್ಕೆ ಜೋಡಿಸಿ ಹೊಸ ಟೇಪು ಮಾಡಬೇಕು. ಆಮೇಲೆ ಎರಡನ್ನೂ ಒಟ್ಟಿಗೆ ಓಡಿಸಿ, ಇತ್ತ ಒಂದು ದಾಖಲೆ ಅತ್ತ ಒಂದು ದಾಖಲೆ ಓದಿ ತಾಳೆ ನೋಡಬೇಕು. ಸಣ್ಣ ಸಂಖ್ಯೆ ಯಾವ ಟೇಪಿನದೋ ಅದನ್ನು ಮುಂದಕ್ಕೆ ಸರಿಸಬೇಕು. ಒಂದು ಟೇಪು ಮುಗಿದು ಇನ್ನೊಂದು ಉಳಿದಿದ್ದರೆ ಏನು ಮಾಡಬೇಕೆಂಬುದನ್ನೂ ಬರೆದಿಡಬೇಕು. ಇಷ್ಟನ್ನೂ ಕೋಬಾಲ್‌ನಲ್ಲಿ ಬರೆದು, ರಾತ್ರಿ ಪಾಳಿಯಲ್ಲಿ ಯಂತ್ರ ಖಾಲಿಯಾದಾಗ ಓಡಿಸಿ, ಉತ್ತರದ ಹಾಳೆ ಅವರ ಮೇಜಿಗೆ ತಲುಪಿಸಿದೆ. ಅವರು ಕನ್ನಡಕ ಏರಿಸಿ ನೋಡಿ, “ಸರಿ, ಇದರಲ್ಲಿ ಜಿಲ್ಲಾವಾರು ಎಷ್ಟು?” ಅಂದರು. ಮತ್ತೆ ಹೊಸ ಪ್ರೋಗ್ರಾಂ.

ಪ್ರಶ್ನೆ ಕೇಳುವುದಕ್ಕೆ ಅರ್ಧ ನಿಮಿಷ, ಉತ್ತರ ತೆಗೆಯುವುದಕ್ಕೆ ವಾರಗಟ್ಟಲೆ. ಈ ಅಂತರ ಯಂತ್ರದ ವೇಗದಿಂದ ಬಂದದ್ದಲ್ಲವೆಂದು ನನಗೆ ಆಗಲೇ ಅನಿಸತೊಡಗಿತ್ತು. ಏನು ಬೇಕು ಎನ್ನುವುದು ಅವರಿಗೆ ಗೊತ್ತಿತ್ತು, ಹೇಗೆ ತೆಗೆಯಬೇಕು ಎನ್ನುವುದು ನನಗೆ ಗೊತ್ತಿತ್ತು. ಎರಡರ ನಡುವೆ ನಾನು ದುಭಾಷಿಯ ಹಾಗೆ ಕೂತಿದ್ದೆ. ಆ ಜಾಗದಲ್ಲಿ ಮನುಷ್ಯರೇ ಬೇಕೆ ಎಂಬ ಪ್ರಶ್ನೆಯನ್ನು ನನಗಿಂತ ಬಹಳ ಮೊದಲೇ ಇನ್ನೊಬ್ಬರು ಕೇಳಿ ಮುಗಿಸಿದ್ದರು.

ಆತ ಎಡ್ಗರ್ ಕಾಡ್. ಇಂಗ್ಲೆಂಡಿನಲ್ಲಿ ಹುಟ್ಟಿ, ಎರಡನೆಯ ಮಹಾಯುದ್ಧದಲ್ಲಿ ವಿಮಾನ ಹಾರಿಸಿ, ಅಮೆರಿಕಕ್ಕೆ ಹೋಗಿ ಐಬಿಎಂ ಸೇರಿದವರು. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯ ಪ್ರಯೋಗಾಲಯದಲ್ಲಿದ್ದಾಗ 1970ರಲ್ಲಿ ಅವರು ಪ್ರಕಟಿಸಿದ ಹನ್ನೊಂದು ಪುಟದ ಲೇಖನವನ್ನು ನಾನು ಓದಿದ್ದು ಭಾರತೀಯ ವಿಜ್ಞಾನ ಸಂಸ್ಥೆಯ ಗ್ರಂಥಾಲಯದಲ್ಲಿ. ನಮ್ಮ ಮನೆಯಲ್ಲಿ ಅದಕ್ಕೆ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಹೆಸರು, ಬಸ್ ಕಂಡಕ್ಟರೂ ಹಾಗೆಯೇ ಕೂಗುತ್ತಿದ್ದ. ಲೇಖನದ ಮೊದಲ ಮಾತೇ ನನ್ನನ್ನು ಹಿಡಿದು ನಿಲ್ಲಿಸಿತು. ಮಾಹಿತಿ ಯಂತ್ರದೊಳಗೆ ಹೇಗೆ ಜೋಡಿಸಿಟ್ಟಿದೆ ಎಂಬುದನ್ನು ತಿಳಿದಿರಬೇಕಾದ ಹೊರೆಯಿಂದ ಬಳಸುವವರನ್ನು ಕಾಪಾಡಬೇಕು ಎಂಬ ಅರ್ಥದ ಮಾತದು. ಟೇಪಿನ ಕ್ರಮ ತಲೆಯಲ್ಲಿಟ್ಟುಕೊಂಡು ಓಡಾಡುತ್ತಿದ್ದವಳಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಕಾಡ್ ಹೇಳಿದ್ದು ಇಷ್ಟು: ಎಲ್ಲವನ್ನೂ ಟೇಬಲ್ಲುಗಳಾಗಿ ಬರೆಯಿರಿ, ಅಡ್ಡಸಾಲು, ಕಾಲಂ, ಅಷ್ಟೇ. ಯಾವುದರ ಹಿಂದೆ ಯಾವುದಿದೆ, ಎಲ್ಲಿಂದ ಎಲ್ಲಿಗೆ ಕೊಂಡಿ ಎಂಬುದೆಲ್ಲ ಯಂತ್ರದ ಒಳಮನೆಯ ವಿಷಯ. ಪ್ರಶ್ನೆಗಳನ್ನು ಗಣಿತದ ಕೆಲವೇ ಕ್ರಿಯೆಗಳಲ್ಲಿ ಹೇಳಬಹುದು. ಆಗಿನ ದೊಡ್ಡವರಿಗೆ ಇದು ರುಚಿಸಲಿಲ್ಲ. ಚಾರ್ಲ್ಸ್ ಬಾಕ್‌ಮನ್ 1973ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಪಡೆದಾಗ ಮಾಡಿದ ಭಾಷಣದಲ್ಲಿ ಪ್ರೋಗ್ರಾಮರನನ್ನು ನಾವಿಕನೆಂದು ಕರೆದಿದ್ದರು. ದಾಖಲೆಯಿಂದ ದಾಖಲೆಗೆ ಕೊಂಡಿ ಹಿಡಿದು ಸಾಗುವ ಜಾಣ ಆತ. ಮಾರನೆಯ ವರ್ಷ ಆನ್ ಆರ್ಬರ್‌ನ ಸಮ್ಮೇಳನದಲ್ಲಿ ಕಾಡ್, ಬಾಕ್‌ಮನ್ ಇಬ್ಬರೂ ಮುಖಾಮುಖಿ ವಾದಕ್ಕಿಳಿದರು. ಅದೇ ಸಮ್ಮೇಳನದಲ್ಲಿ ಐಬಿಎಂನ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ ಸೀಕ್ವೆಲ್ ಎಂಬ ಭಾಷೆಯ ಬಗ್ಗೆ ಲೇಖನ ಮಂಡಿಸಿದರು. ಕಾಡ್ ಬಳಸಿದ್ದ ಗಣಿತದ ಚಿಹ್ನೆಗಳು ಕೀಲಿಮಣೆಯಲ್ಲಿ ಇರಲಿಲ್ಲ, ಸಾಮಾನ್ಯ ಜನರ ತಲೆಯಲ್ಲೂ ಇರಲಿಲ್ಲ. ಅದನ್ನು ಸರಳ ಇಂಗ್ಲಿಷ್ ಪದಗಳಿಗೆ ಇಳಿಸಿದ್ದು ಇವರಿಬ್ಬರು. ಬಾಯ್ಸ್ ಅದೇ 1974ರಲ್ಲಿ ಎಳೆಯ ವಯಸ್ಸಿನಲ್ಲೇ ತೀರಿಕೊಂಡರು. ಹೆಸರಿನ ಹಕ್ಕು ಬೇರೊಂದು ಕಂಪನಿಯದಾಗಿದ್ದರಿಂದ ಸೀಕ್ವೆಲ್ ಮುಂದೆ ಎಸ್‌ಕ್ಯೂಎಲ್ ಆಯಿತು. ಇವತ್ತು ಜಗತ್ತಿನ ಯಾವ ಬ್ಯಾಂಕು, ಯಾವ ರೈಲು ಟಿಕೆಟ್ಟು, ಯಾವ ಪಡಿತರ ಚೀಟಿಯ ಹಿಂದೆ ಇಣುಕಿದರೂ ಅದರ ಯಾವುದೋ ರೂಪ ಸಿಗುತ್ತದೆ.

ನಮ್ಮ ಹಿರಿಯರ ಪ್ರಶ್ನೆ ಆ ಭಾಷೆಯಲ್ಲಿ ಹೀಗಾಗುತ್ತದೆ: ಸೆಲೆಕ್ಟ್ ಕೌಂಟ್ (ಡಿಸ್ಟಿಂಕ್ಟ್ ಸಾಲ.ಗ್ರಾಹಕ), ಫ್ರಮ್ ಸಾಲ, ಠೇವಣಿ, ವೇರ್ ಸಾಲ.ಗ್ರಾಹಕ = ಠೇವಣಿ.ಗ್ರಾಹಕ ಆಂಡ್ ಸಾಲ.ಬಾಕಿ > 0. ಯಾವುದನ್ನು ಮೊದಲು ಓದಬೇಕು, ಯಾವ ಕ್ರಮಕ್ಕೆ ಜೋಡಿಸಬೇಕು ಎಂಬುದರ ಸುಳಿವೇ ಇಲ್ಲಿಲ್ಲ. ನನಗೆ ಹಿಡಿಸಿದ್ದೂ ಅದೇ, ನಿದ್ದೆ ಕೆಡಿಸಿದ್ದೂ ಅದೇ. ನಾನು ಮಾಡುತ್ತಿದ್ದ ಕೆಲಸ ಮಾಯವಾಗಿರಲಿಲ್ಲ. ಅದು ಪ್ರಶ್ನೆಯಿಂದ ಹೊರಗೆ ಹೋಗಿತ್ತು, ಅಷ್ಟೆ. ಹಾಗಾದರೆ ಅದನ್ನು ಈಗ ಮಾಡುವವರು ಯಾರು?

ಉತ್ತರ ಸಿಕ್ಕಿದ್ದು 1979ರ ಒಂದು ಲೇಖನದಲ್ಲಿ. ಐಬಿಎಂನ ಸಿಸ್ಟಂ-ಆರ್ ಎಂಬ ಪ್ರಾಯೋಗಿಕ ಡೇಟಾಬೇಸಿನಲ್ಲಿ ಪ್ರಶ್ನೆಗೆ ದಾರಿ ಹುಡುಕುವ ಭಾಗ ಹೇಗೆ ಕೆಲಸ ಮಾಡುತ್ತದೆಂದು ಐವರು ಬರೆದದ್ದು. ಆ ಭಾಗಕ್ಕೆ ಆಪ್ಟಿಮೈಸರ್ ಎನ್ನುತ್ತಾರೆ. ಮೊದಲ ಲೇಖಕರ ಹೆಸರು ಪಿ. ಗ್ರಿಫಿತ್ಸ್ ಸೆಲಿಂಜರ್ ಎಂದು ಅಚ್ಚಾಗಿತ್ತು. ಬಹಳ ದಿನ ನಾನು ಯಾರೋ ಗಡ್ಡದ ಪ್ರೊಫೆಸರರನ್ನು ಕಲ್ಪಿಸಿಕೊಂಡಿದ್ದೆ. ಪಿ ಎಂದರೆ ಪೆಟ್ರೀಷಿಯಾ ಎಂದು ತಿಳಿದದ್ದು ಅಮೆರಿಕಕ್ಕೆ ಹೋದ ಮೇಲೆ. ನಮ್ಮ ಕ್ಷೇತ್ರದ ಬುಡದ ಕಲ್ಲನ್ನು ಇಟ್ಟವರಲ್ಲಿ ಒಬ್ಬ ಹೆಂಗಸಿದ್ದಾರೆ ಎಂಬುದು, ಆ ದಿನಗಳಲ್ಲಿ ತರಗತಿಗೆ ಒಬ್ಬರೋ ಇಬ್ಬರೋ ಇರುತ್ತಿದ್ದ ನಮ್ಮಂಥವರಿಗೆ ಸಣ್ಣ ವಿಷಯ ಆಗಿರಲಿಲ್ಲ.

ಆಪ್ಟಿಮೈಸರಿನ ಕಷ್ಟ ಎಷ್ಟೆಂದು ಲೆಕ್ಕ ಹಾಕಿಯೇ ನೋಡಬೇಕು. ಹತ್ತು ಟೇಬಲ್ಲುಗಳನ್ನು ಒಂದಾದ ಮೇಲೊಂದು ಜೋಡಿಸುವ ಕ್ರಮಗಳು 36,28,800. ಎರಡೆರಡನ್ನು ಬೇರೆಬೇರೆ ಜೋಡಿಸಿ ಆಮೇಲೆ ಆ ಜೋಡಿಗಳನ್ನು ಕೂಡಿಸುವುದಕ್ಕೂ ಅವಕಾಶ ಕೊಟ್ಟರೆ 1,764 ಕೋಟಿ ದಾಟುತ್ತದೆ. ಎಲ್ಲದರ ಉತ್ತರವೂ ಒಂದೇ, ಹೊತ್ತು ಮಾತ್ರ ಬೇರೆ. ಒಂದು ದಾರಿಯಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುವುದು ಇನ್ನೊಂದರಲ್ಲಿ ಬೆಳಗಾದರೂ ಮುಗಿಯದು. ಸೆಲಿಂಜರ್ ಮತ್ತು ಸಂಗಡಿಗರು ಮಾಡಿದ ಉಪಾಯವೆಂದರೆ, ಮೊದಲು ಎರಡೆರಡು ಟೇಬಲ್ಲುಗಳಿಗೆ ಅಗ್ಗದ ದಾರಿ ಕಂಡುಕೊಂಡು ಬರೆದಿಟ್ಟುಕೊಳ್ಳುವುದು, ಅದರ ಮೇಲೆ ಮೂರು, ಅದರ ಮೇಲೆ ನಾಲ್ಕು ಎಂದು ಕಟ್ಟುತ್ತಾ ಹೋಗುವುದು.

ಆದರೆ ಅಗ್ಗ ಯಾವುದು, ದುಬಾರಿ ಯಾವುದು ಎಂದು ಕೆಲಸ ಶುರುಮಾಡುವ ಮೊದಲೇ ತಿಳಿಯುವುದು ಹೇಗೆ? ಮದುವೆ ಮನೆಗೆ ಬಂದ ಅಡುಗೆ ಭಟ್ಟರು ಒಲೆ ಹೊತ್ತಿಸುವ ಮೊದಲು ಕೇಳುವುದು ಒಂದೇ ಪ್ರಶ್ನೆ: ಎಷ್ಟು ಎಲೆ? ಇನ್ನೂರೋ ಎರಡು ಸಾವಿರವೋ ಎನ್ನುವುದರ ಮೇಲೆ ಪಾತ್ರೆ, ಸೌದೆ, ಕೈಯಾಳು ಎಲ್ಲವೂ ನಿಲ್ಲುತ್ತದೆ. ಆಪ್ಟಿಮೈಸರಿನದೂ ಅದೇ ಪ್ರಶ್ನೆ. ಈ ಷರತ್ತಿಗೆ ಎಷ್ಟು ಸಾಲು ಬಿದ್ದೀತು? ಲೆಕ್ಕ ಗೊತ್ತಿಲ್ಲದಿದ್ದರೆ ಏನು ಮಾಡಬೇಕೆಂದೂ ಆ ಲೇಖನದಲ್ಲಿದೆ. ಸಮ ಎಂಬ ಷರತ್ತಿದ್ದರೆ ಹತ್ತರಲ್ಲಿ ಒಂದು ಪಾಲು ಬೀಳುತ್ತದೆಂದು ಹಿಡಿಯಿರಿ. ಹೆಚ್ಚು ಅಥವಾ ಕಡಿಮೆ ಎಂದಿದ್ದರೆ ಮೂರರಲ್ಲಿ ಒಂದು. ಇಂತಿಷ್ಟರಿಂದ ಇಂತಿಷ್ಟರವರೆಗೆ ಎಂದಿದ್ದರೆ ನಾಲ್ಕರಲ್ಲಿ ಒಂದು. ಮೂರರಲ್ಲಿ ಒಂದು ಎನ್ನುವುದಕ್ಕೆ, ಅದು ಅರ್ಧಕ್ಕಿಂತ ಕಡಿಮೆ, ಹತ್ತನೇ ಒಂದಕ್ಕಿಂತ ಹೆಚ್ಚು ಎನ್ನುವುದರಾಚೆ ವಿಶೇಷ ಅರ್ಥವಿಲ್ಲವೆಂದು ಅವರೇ ಒಪ್ಪಿಕೊಂಡಿದ್ದಾರೆ. ಸಂಶೋಧನಾ ಲೇಖನದಲ್ಲಿ ಇಂಥ ಪ್ರಾಮಾಣಿಕತೆ ಅಪರೂಪ. ಲೆಕ್ಕಾಚಾರದ ಅಷ್ಟು ದೊಡ್ಡ ಉಪ್ಪರಿಗೆ ನಿಂತಿದ್ದದ್ದು ಇಂಥ ಅಂದಾಜಿನ ಕಂಬಗಳ ಮೇಲೆ. ಆ ಕಂಬಗಳನ್ನು ಗಟ್ಟಿ ಮಾಡುತ್ತೇನೆಂದು ನಾನು ಬ್ಯಾಂಕಿನ ಕಾಯಂ ನೌಕರಿ ಬಿಟ್ಟು ಅಮೆರಿಕಕ್ಕೆ ಪಿಎಚ್.ಡಿ.ಗೆ ಹೊರಟೆ. ಬ್ಯಾಂಕಿನ ಕೆಲಸ ಯಾರಾದರೂ ಬಿಡುತ್ತಾರೆಯೇ ಎಂದು ಅಮ್ಮ ತಿಂಗಳುಗಟ್ಟಲೆ ನೆಂಟರ ಮುಂದೆಲ್ಲ ಹೇಳಿಕೊಂಡು ಕೊರಗಿದರು.

ನಾನು ಹೋದಾಗ ಹತ್ತನೇ ಒಂದು, ಮೂರನೇ ಒಂದು ಎಂಬ ಕಣ್ಣಂದಾಜಿನ ಕಾಲ ಮುಗಿಯುತ್ತ ಬಂದಿತ್ತು. ಪ್ರತಿ ಕಾಲಮಿನಲ್ಲಿ ಯಾವ ಬೆಲೆ ಎಷ್ಟು ಸಲ ಬರುತ್ತದೆಂದು ಎಣಿಸಿ ಹಿಸ್ಟೋಗ್ರಾಂ ಮಾಡಿಟ್ಟುಕೊಳ್ಳುವ ದಾರಿ ಬಂದಿತ್ತು. ಒಂದು ಕಾಲಮಿನ ಮಟ್ಟಿಗೆ ಅದು ಚೆನ್ನಾಗಿಯೇ ನಡೆಯುತ್ತದೆ. ಎಡವುವುದು ಎರಡು ಷರತ್ತು ಒಟ್ಟಿಗೆ ಬಂದಾಗ. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲವೆಂದು ಹಿಡಿದು ಎರಡು ಪಾಲುಗಳನ್ನು ಗುಣಿಸಿಬಿಡುವುದು ಆಗಲೂ ಈಗಲೂ ವಾಡಿಕೆ.

ಇದನ್ನು ನಾನು ಈಗ ವಿದ್ಯಾರ್ಥಿಗಳಿಗೆ ತೋರಿಸುವುದು ನಮ್ಮ ಪಹಣಿಯಿಂದ. ಕರ್ನಾಟಕದ ಭೂಮಿ ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿವೆ. ಜಿಲ್ಲೆ 31. ಬೆಳೆಯ ಕಾಲಮಿನಲ್ಲಿ ಮಾತಿಗೆ 40 ಹೆಸರಿದೆ ಎಂದುಕೊಳ್ಳಿ. ಜಿಲ್ಲೆ ಕೊಡಗು, ಬೆಳೆ ಕಾಫಿ ಎಂದು ಕೇಳಿದರೆ, ಬೇರೇನೂ ಗೊತ್ತಿಲ್ಲದ ಆಪ್ಟಿಮೈಸರ್ 2 ಕೋಟಿಯನ್ನು 31ರಿಂದ ಭಾಗಿಸಿ, ಮತ್ತೆ 40ರಿಂದ ಭಾಗಿಸಿ, ಸುಮಾರು 16 ಸಾವಿರ ಸಾಲು ಅನ್ನುತ್ತದೆ. ಜಿಲ್ಲೆ ರಾಯಚೂರು, ಬೆಳೆ ಕಾಫಿ ಎಂದರೂ ಅದೇ 16 ಸಾವಿರ. ರಾಯಚೂರಿನ ಬಿಸಿಲು ಕಂಡವರಾರೂ ಆ ಮಾತು ಆಡಲಾರರು! ಹಿಸ್ಟೋಗ್ರಾಂ ಕೊಟ್ಟರೆ ಸರಿಹೋಗುತ್ತದೆಂದು ಮಕ್ಕಳು ಹೇಳುತ್ತಾರೆ. ಕೊಟ್ಟು ನೋಡೋಣ. ರಾಜ್ಯದ ಲೆಕ್ಕದಲ್ಲಿ ಕೊಡಗು ಸಣ್ಣ ಜಿಲ್ಲೆ ಎಂದು ಅದಕ್ಕೆ ತಿಳಿಯುತ್ತದೆ. ಕಾಫಿ ಮೂರ್ನಾಲ್ಕು ಜಿಲ್ಲೆ ಬಿಟ್ಟರೆ ಇಲ್ಲದ ಬೆಳೆ ಎಂದೂ ತಿಳಿಯುತ್ತದೆ. ಎರಡು ಸಣ್ಣ ಪಾಲುಗಳನ್ನು ಗುಣಿಸಿದರೆ ಸಿಗುವುದು ಇನ್ನೂ ಸಣ್ಣ ಸಂಖ್ಯೆ. ಕೊಡಗಿನ ತುಂಬಾ ಕಾಫಿಯೇ ಇರುವುದರಿಂದ ಅಂದಾಜು ಮೊದಲಿಗಿಂತ ಹೆಚ್ಚು ಕೆಡುತ್ತದೆ. ಬಿಡಿಬಿಡಿಯಾಗಿ ಹೆಚ್ಚು ತಿಳಿದಷ್ಟೂ ಒಟ್ಟು ತಿಳಿವಳಿಕೆ ತಪ್ಪುತ್ತ ಹೋಗುವ ಈ ವಿಚಿತ್ರವೇ ನನ್ನ ಪ್ರಬಂಧದ ವಸ್ತು.

ಎಲ್ಲ ಕಾಲಂ ಜೋಡಿಗಳಿಗೂ ಲೆಕ್ಕ ಇಟ್ಟರಾಯಿತಲ್ಲ ಅನ್ನಬಹುದು. ನೂರು ಕಾಲಮಿಗೆ 4,950 ಜೋಡಿ, ಮೂರುಮೂರರ ಗುಂಪು ತೆಗೆದರೆ 1,61,700. ಅಷ್ಟನ್ನೂ ಎಣಿಸಿ ಕಾಪಾಡಿಕೊಳ್ಳುವ ಖರ್ಚು ಪ್ರಶ್ನೆಗಿಂತ ದೊಡ್ಡದಾಗುತ್ತದೆ. ಹಾಗಾಗಿ ಯಾವ ಜೋಡಿ ಬೇಕು, ಯಾವುದು ಬೇಡ ಎಂದು ಆರಿಸುವುದರಲ್ಲೇ ನಮ್ಮ ಹೊತ್ತು ಹೋಯಿತು. 1991ರಲ್ಲಿ ಯಾನಿಸ್ ಇಯೋನಿಡಿಸ್ ಮತ್ತು ಸ್ಟಾವ್ರೋಸ್ ಕ್ರಿಸ್ಟೋಡುಲಾಕಿಸ್ ಒಂದು ಲೇಖನ ಪ್ರಕಟಿಸಿದರು. ಒಂದೊಂದು ಟೇಬಲ್ಲಿನ ಅಂದಾಜಿನಲ್ಲಿರುವ ತಪ್ಪು, ಟೇಬಲ್ಲುಗಳನ್ನು ಜೋಡಿಸುತ್ತ ಹೋದಂತೆ ಗುಣಿಸಿಕೊಂಡು ಬೆಳೆಯುತ್ತದೆಂದು ಅವರು ಗಣಿತದಿಂದ ತೋರಿಸಿದರು. ಒಂದು ಮೆಟ್ಟಿಲಿಗೆ ಹತ್ತು ಪಟ್ಟು ತಪ್ಪಿದರೆ ಮೂರು ಮೆಟ್ಟಿಲಿಗೆ ಸಾವಿರ ಪಟ್ಟು. ನಮ್ಮ ಗುಂಪಿನಲ್ಲಿ ಆ ವಾರ ಜಗಳವೋ ಜಗಳ. ಅಂದಾಜನ್ನು ಇನ್ನಷ್ಟು ತಿದ್ದಿದರೆ ಆದೀತು ಎನ್ನುವವರು ಒಂದು ಕಡೆ, ಬುಡವೇ ಅಲ್ಲಾಡುತ್ತಿರುವಾಗ ತುದಿ ತಿದ್ದಿ ಏನು ಫಲ ಎನ್ನುವವರು ಇನ್ನೊಂದು ಕಡೆ. ನಾನು ಮೊದಲ ಗುಂಪಿನಲ್ಲಿದ್ದೆ. ಪದವಿಯೂ ಆ ನಂಬಿಕೆಯ ಮೇಲೆಯೇ ಬಂತು.

ಆಮೇಲೆ ಡೇಟಾಬೇಸ್ ಮಾರುವ ಒಂದು ಕಂಪನಿಯ ಪ್ರಯೋಗಾಲಯ ಸೇರಿದೆ. ಅಲ್ಲಿ ಹಳಬರು ಹೊಸಬರಿಗೆ ತಪ್ಪದೆ ಹೇಳುತ್ತಿದ್ದ ಕತೆಯೊಂದಿತ್ತು. 1970ರ ದಶಕದ ನಡುವೆ ಸಿಸ್ಟಂ-ಆರ್ ಕಟ್ಟುತ್ತಿದ್ದ ಕಾಲ. 25,000 ಡಾಲರಿಗಿಂತ ಕಡಿಮೆ ಸಂಬಳದವರಿಗೆಲ್ಲ ನೂರಕ್ಕೆ ಹತ್ತರಂತೆ ಏರಿಸು ಎಂದು ಒಂದು ಆಜ್ಞೆ ಕೊಟ್ಟರು. ಓಡಿ ಮುಗಿದ ಮೇಲೆ ನೋಡಿದರೆ 25,000ಕ್ಕಿಂತ ಕಡಿಮೆ ಸಂಬಳದವರು ಒಬ್ಬರೂ ಉಳಿದಿಲ್ಲ. ಆದದ್ದೇನೆಂದರೆ, ಯಂತ್ರ ಸಂಬಳದ ಇಂಡೆಕ್ಸ್, ಅಂದರೆ ಸಂಬಳದ ಕ್ರಮದಲ್ಲಿ ಜೋಡಿಸಿಟ್ಟ ಸೂಚಿ, ಹಿಡಿದು ಕೆಳಗಿನಿಂದ ಮೇಲಕ್ಕೆ ಹೊರಟಿತ್ತು. ಒಬ್ಬರಿಗೆ ಏರಿಸಿದೊಡನೆ ಅವರ ದಾಖಲೆ ಇಂಡೆಕ್ಸಿನಲ್ಲಿ ಮುಂದಕ್ಕೆ ಸರಿಯಿತು. ಯಂತ್ರ ಅಲ್ಲಿಗೆ ಬಂದಾಗ ಅದೇ ಮನುಷ್ಯರು ಮತ್ತೆ ಎದುರಾದರು, ಮತ್ತೆ ಏರಿಸಿತು. 25,000 ಮುಟ್ಟುವ ತನಕ ಹೀಗೇ. ಸೆಲಿಂಜರ್, ಚೇಂಬರ್ಲಿನ್ ಮತ್ತು ಮಾರ್ಟನ್ ಆಸ್ಟ್ರಹಾನ್ ಇದನ್ನು ಕಂಡುಕೊಂಡದ್ದು ಹ್ಯಾಲೋವೀನ್ ಹಬ್ಬದ ದಿನ. ಇಂದಿಗೂ ಪಠ್ಯಪುಸ್ತಕಗಳಲ್ಲಿ ಹ್ಯಾಲೋವೀನ್ ಸಮಸ್ಯೆ ಎಂದೇ ಇದಕ್ಕೆ ಹೆಸರು.

ಕತೆ ಕೇಳಿ ಎಲ್ಲರೂ ನಗುತ್ತಿದ್ದೆವು, ಆದರೆ ಅದರಲ್ಲಿ ನಮ್ಮ ಕಸುಬಿನ ಕರಾರು ಇತ್ತು. ಕೇಳುವವರು ದಾರಿ ಹೇಳುವುದಿಲ್ಲ, ದಾರಿ ಯಂತ್ರದ್ದು. ಆ ದಾರಿ ಎಷ್ಟೇ ಸುತ್ತಾಗಲಿ, ಉತ್ತರದಲ್ಲಿ ಅದರ ನೆರಳೂ ಬೀಳಬಾರದು. ಇಂಡೆಕ್ಸ್ ಹಿಡಿದರೆ ಒಂದು ಸಂಬಳ, ಹಿಡಿಯದಿದ್ದರೆ ಇನ್ನೊಂದು ಸಂಬಳ ಎಂದಾಗಬಾರದು. ಅಂದಾಜು ತಪ್ಪಿದರೆ ಹೊತ್ತು ಹೋಗಲಿ, ಉತ್ತರ ಮಾತ್ರ ತಪ್ಪಬಾರದು. ನಲವತ್ತಕ್ಕೂ ಹೆಚ್ಚು ವರ್ಷ ಜಗತ್ತು ಈ ಭಾಷೆಯನ್ನು ನಂಬಿಕೊಂಡು ಬಂದಿರುವುದು ಈ ಒಂದು ಕರಾರಿನ ಮೇಲೆ.

ಹೊತ್ತು ಹೋಗುವುದೂ ಸಣ್ಣ ವಿಷಯವಲ್ಲವೆಂದು ಗಿರಾಕಿಗಳು ನಮಗೆ ಚೆನ್ನಾಗಿ ಕಲಿಸಿದರು. ನಿಮಿಷಗಳಲ್ಲಿ ಮುಗಿಯುತ್ತಿದ್ದ ವರದಿಗೆ ಒಬ್ಬರು ಇನ್ನೊಂದು ಷರತ್ತು ಸೇರಿಸಿದರು. ಷರತ್ತು ಹೆಚ್ಚಾದರೆ ಹುಡುಕಬೇಕಾದದ್ದು ಕಡಿಮೆ, ಬೇಗ ಮುಗಿಯಬೇಕು ಎಂಬುದು ಅವರ ಲೆಕ್ಕ. ಆ ರಾತ್ರಿ ಹೊರಟದ್ದು ಬೆಳಗಿನ ಕಾಫಿ ಹೊತ್ತಿಗೂ ಓಡುತ್ತಲೇ ಇತ್ತು. ಹೊಸ ಷರತ್ತು ಹಳೆಯದನ್ನೇ ಬೇರೆ ಮಾತಿನಲ್ಲಿ ಹೇಳುತ್ತಿತ್ತು, ಒಂದು ಸಾಲೂ ಕಡಿಮೆಯಾಗುವಂತಿರಲಿಲ್ಲ. ಆಪ್ಟಿಮೈಸರ್ ಅದನ್ನೂ ಗುಣಿಸಿ, ಬೀಳುವುದು ಒಂದೇ ಸಾಲು ಎಂದು ತೀರ್ಮಾನಿಸಿತ್ತು. ಒಂದೇ ಸಾಲಾದರೆ ಅದನ್ನು ಹಿಡಿದು ಇನ್ನೊಂದು ಟೇಬಲ್ಲನ್ನು ಒಮ್ಮೆ ಜಾಲಾಡಿದರೆ ಸಾಕು. ಬಂದದ್ದು ಲಕ್ಷದ ಮೇಲೆ. ಲಕ್ಷ ಸಲ ಜಾಲಾಡಿತು. ಇಂಥ ಕಡೆ ಅನುಭವಸ್ಥರು ಒಂದು ಕಳ್ಳದಾರಿ ಕಂಡುಕೊಂಡಿದ್ದರು: ಸಂಬಳ ಎಂದು ಬರೆಯುವ ಕಡೆ ಸಂಬಳ + 0 ಎಂದು ಬರೆಯುವುದು. ಅರ್ಥ ಬದಲಾಗದು, ಆದರೆ ಆಪ್ಟಿಮೈಸರಿಗೆ ಇಂಡೆಕ್ಸ್ ಕಾಣದಂತಾಗುತ್ತದೆ. ಮುಂದೆ ಕಂಪನಿಗಳೇ ಹಿಂಟ್ ಎಂಬ ಹೆಸರಿನಲ್ಲಿ, ಹೀಗೆ ಹೋಗು ಹಾಗೆ ಹೋಗಬೇಡ ಎಂದು ಹೇಳುವ ಸೌಕರ್ಯ ಕೊಟ್ಟವು. ಕಾಡ್ ಹೊರಗೆ ಕಳಿಸಿದ್ದ ‘ಹೇಗೆ’ ಹಿತ್ತಿಲ ಬಾಗಿಲಿನಿಂದ ಒಳಗೆ ಬಂದು ಕೂತಿತ್ತು.

ಕೆಲಸದ ಕೊನೆಯ ಪಾದದಲ್ಲಿ ಬೆಂಗಳೂರಿಗೆ ಮರಳಿದ ನನಗೆ ಹೊಸ ಕಣ್ಣು ಬಂದದ್ದು ನಮ್ಮೂರಿನ ಕೆಲಸದಿಂದಲೇ. ಭಾರತೀಯ ವಿಜ್ಞಾನ ಸಂಸ್ಥೆಯ ಜಯಂತ್ ಹರಿತ್ಸ ಮತ್ತು ಅವರ ವಿದ್ಯಾರ್ಥಿ ನವೀನ್ ರೆಡ್ಡಿ 2005ರಲ್ಲಿ ನಾರ್ವೆಯ ಟ್ರಾಂಡ್‌ಹೈಮ್ ಸಮ್ಮೇಳನಕ್ಕೆ ಒಂದು ಲೇಖನ ಕೊಟ್ಟರು. ಒಂದೇ ಪ್ರಶ್ನೆ ತೆಗೆದುಕೊಂಡು ಅದರ ಎರಡು ಷರತ್ತುಗಳಿಗೆ ಬೀಳುವ ಸಾಲುಗಳ ಪಾಲನ್ನು ಸೊನ್ನೆಯಿಂದ ನೂರರವರೆಗೆ ಏರಿಸುತ್ತ ಹೋದರು. ಪ್ರತಿ ಬಿಂದುವಿನಲ್ಲೂ ಆಪ್ಟಿಮೈಸರ್ ಯಾವ ದಾರಿ ಆರಿಸುತ್ತದೆಂದು ಕೇಳಿ, ದಾರಿಗೊಂದು ಬಣ್ಣದಂತೆ ಚಿತ್ರ ಬಿಡಿಸಿದರು. ನಾಲ್ಕೈದು ಬಣ್ಣದ ಅಚ್ಚುಕಟ್ಟಾದ ಪಟ್ಟೆಗಳು ಬರಬಹುದೆಂದು ನನ್ನಂಥವರ ನಿರೀಕ್ಷೆ. ಬಂದದ್ದು ದ್ವೀಪಗಳು, ಗರಗಸದ ಅಂಚುಗಳು, ಒಂದರೊಳಗೊಂದು ತೂರಿದ ಸೀಳುಗಳು. ಆ ಸಲಕರಣೆಗೆ ಅವರು ಪಿಕಾಸೊ ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಪರೀಕ್ಷೆಗೆ ಒಳಗಾದ ಮಾರುಕಟ್ಟೆಯ ಆಪ್ಟಿಮೈಸರುಗಳನ್ನು ಎ, ಬಿ, ಸಿ ಎಂದಷ್ಟೇ ಕರೆದಿದ್ದರು, ಹೆಸರು ಹೇಳಲು ಕಾನೂನಿನ ಅಡ್ಡಿ. ಆ ಚಿತ್ರಗಳನ್ನು ನೋಡುವ ತನಕ ನಾವು ಆಪ್ಟಿಮೈಸರ್ ಕಟ್ಟುವವರೇ ಅದರ ಸ್ವಭಾವವನ್ನು ಒಟ್ಟಿಗೆ ಕಂಡಿರಲಿಲ್ಲ. ಒಂದೊಂದು ಪ್ರಶ್ನೆಯ ದೂರು ಬಂದಾಗ ಒಂದೊಂದು ಬಿಂದುವನ್ನು ತಿದ್ದಿ ಕಳಿಸುತ್ತಿದ್ದೆವು. ಎರಡು ವರ್ಷದ ನಂತರ ಅದೇ ತಂಡ ಇನ್ನೊಂದು ಸಂಗತಿ ತೋರಿಸಿತು. ಖರ್ಚು ನೂರಕ್ಕೆ ಇಪ್ಪತ್ತು ಹೆಚ್ಚಾದರೂ ಪರವಾಗಿಲ್ಲ ಎಂದು ಒಪ್ಪಿದರೆ, ಅಷ್ಟು ಬಣ್ಣಗಳ ಚಿತ್ರ ಸುಮಾರು ಹತ್ತು ಬಣ್ಣಕ್ಕೆ ಇಳಿಯುತ್ತದೆ. ಕೂದಲು ಸೀಳುವಷ್ಟು ಸೂಕ್ಷ್ಮದ ಬಹುಪಾಲು ಬೇಕಾಗಿಯೇ ಇರಲಿಲ್ಲ.

ಇದೇ ಪ್ರಯೋಗಾಲಯದಿಂದ 2014ರಲ್ಲಿ ಅನ್ಶುಮಾನ್ ದತ್ ಮತ್ತು ಹರಿತ್ಸ ಪ್ರಕಟಿಸಿದ ಲೇಖನ ನನ್ನ ಮಟ್ಟಿಗೆ ಹಳೆಯ ಜಗಳದ ತೀರ್ಪು. ಷರತ್ತಿಗೆ ಎಷ್ಟು ಸಾಲು ಬೀಳುತ್ತದೆಂಬುದನ್ನು ಅಂದಾಜು ಮಾಡುವುದನ್ನೇ ಬಿಟ್ಟುಬಿಡಿ ಎನ್ನುತ್ತದೆ ಅದು. ಬದಲಿಗೆ ಕೆಲವು ದಾರಿಗಳ ಗುಚ್ಛ ಕಟ್ಟಿಕೊಳ್ಳಿ. ಮೊದಲ ದಾರಿಗೆ 1 ರೂಪಾಯಿ ಖರ್ಚಿನ ಮಿತಿ ಹಾಕಿ ಓಡಿಸಿ. ಮುಗಿಯದಿದ್ದರೆ ನಿಲ್ಲಿಸಿ, ಮುಂದಿನದಕ್ಕೆ 2 ರೂಪಾಯಿ. ಆಮೇಲೆ 4, 8, 16. ಸರಿಯಾದ ದಾರಿ ಮೊದಲೇ ಗೊತ್ತಿದ್ದಿದ್ದರೆ 9 ರೂಪಾಯಿಗೆ ಮುಗಿಯುವ ಕೆಲಸ ಎಂದುಕೊಳ್ಳಿ. 1, 2, 4, 8 ಸೇರಿ 15 ರೂಪಾಯಿ ನೀರಿಗೆ ಹೋಯಿತು, 16ರ ಮಿತಿಯಲ್ಲಿ ಮುಗಿಯಿತು, ಒಟ್ಟು ಹೆಚ್ಚೆಂದರೆ 31. ಮೂರೂವರೆ ಪಟ್ಟಿನೊಳಗೇ ಆಯಿತು. ಯಾವ ಸಂಖ್ಯೆ ಹಾಕಿ ನೋಡಿದರೂ ನಾಲ್ಕು ಪಟ್ಟು ದಾಟುವುದಿಲ್ಲ. ಗೊತ್ತಿಲ್ಲದ ಪಾಲು ಒಂದೇ ಆಗಿದ್ದಾಗಿನ ಮಾತಿದು, ಹೆಚ್ಚಾದರೆ ಭರವಸೆಯ ಅಂಕಿಯೂ ಏರುತ್ತದೆ. ಆದರೂ ಭರವಸೆ ಎಂಬುದೊಂದು ಇದೆ. ನಾಲ್ಕಕ್ಕಿಂತ ಕಡಿಮೆ ಭರವಸೆಯನ್ನು, ದಾಳ ಎಸೆಯದೆ ನಡೆಯುವ ಇಂಥ ಯಾವ ವಿಧಾನವೂ ಕೊಡಲಾರದೆಂದೂ ಅವರು ಸಾಧಿಸಿದ್ದಾರೆ. ಅಂದಾಜು ಮಾಡುವ ಹಳೆಯ ವಿಧಾನದಲ್ಲಿ ಎಷ್ಟು ಪಟ್ಟು ತಪ್ಪಬಹುದೆಂಬುದಕ್ಕೆ ಮೇಲ್ಮಿತಿಯೇ ಇರಲಿಲ್ಲ. ಮರುವರ್ಷ ಮ್ಯೂನಿಕ್‌ನ ವಿಕ್ಟರ್ ಲೈಸ್ ಮತ್ತು ಸಂಗಡಿಗರು ಸಿನಿಮಾ ಮಾಹಿತಿಯ ನಿಜವಾದ ಡೇಟಾಬೇಸಿನ ಮೇಲೆ 113 ಪ್ರಶ್ನೆ ಓಡಿಸಿ ಹೆಸರಾಂತ ಆಪ್ಟಿಮೈಸರುಗಳನ್ನು ಒರೆಗೆ ಹಚ್ಚಿದರು. ಜೋಡಿಸುವ ಟೇಬಲ್ಲು ಹೆಚ್ಚಿದಷ್ಟೂ ಅಂದಾಜು ಸಾವಿರಾರು ಪಟ್ಟು ತಪ್ಪುವುದು ಅಲ್ಲಿ ಎದ್ದು ಕಂಡಿತು. ಇಪ್ಪತ್ತನಾಲ್ಕು ವರ್ಷದ ಹಿಂದೆ ಗಣಿತ ಹೇಳಿದ್ದಕ್ಕೆ ಈಗ ಸಾಕ್ಷಿ ಬಂದಿತ್ತು.

ನಿವೃತ್ತಿಯ ಮೇಲೆ ಈಗ ಹಾಸನದ ಒಂದು ಎಂಜಿನಿಯರಿಂಗ್ ಕಾಲೇಜಿಗೆ ಹೋಗಿ ಡೇಟಾಬೇಸ್ ಪಾಠ ಮಾಡುತ್ತೇನೆ. ಹುಡುಗರು ಎಸ್‌ಕ್ಯೂಎಲ್ ಬರೆಯುವುದನ್ನು ಬಿಡುತ್ತಿದ್ದಾರೆ. ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಕೇಳಿದರೆ ಎಐ ಬರೆದುಕೊಡುತ್ತದೆ. ಈ ತಾಲ್ಲೂಕಿನಲ್ಲಿ ಒಟ್ಟು ಎಷ್ಟು ಎಕರೆ ಖುಷ್ಕಿ ಇದೆ ಎಂದು ಅಭ್ಯಾಸದ ಡೇಟಾಬೇಸಿಗೆ ಒಬ್ಬ ಹುಡುಗಿ ಕೇಳಿದಳು. ಬಂದ ಕ್ವೆರಿ ಜಮೀನಿನ ಟೇಬಲ್ಲಿಗೆ ಖಾತೆದಾರರ ಟೇಬಲ್ಲನ್ನು ಜೋಡಿಸಿ ಎಕರೆ ಕೂಡಿತ್ತು. ಜಂಟಿ ಖಾತೆ ಇದ್ದ ಕಡೆ, ಅಣ್ಣತಮ್ಮಂದಿರು ಮೂವರಾದರೆ 4 ಎಕರೆ 12 ಎಕರೆ ಆಗಿತ್ತು. ಕ್ವೆರಿಯಲ್ಲಿ ವ್ಯಾಕರಣದ ತಪ್ಪಿಲ್ಲ, ಯಂತ್ರ ಸರಿಯಾದ ದಾರಿಯನ್ನೇ ಹಿಡಿದಿದೆ, ಉತ್ತರ ಮಾತ್ರ ತಾಲ್ಲೂಕಿಗಿಂತ ದೊಡ್ಡದು. ನಮ್ಮ ಕಾಲದಲ್ಲಿ ಅಂದಾಜು ಇದ್ದದ್ದು ‘ಹೇಗೆ’ ಎಂಬುದರಲ್ಲಿ ಮಾತ್ರ, ಅದರ ಪೆಟ್ಟು ಬೀಳುತ್ತಿದ್ದದ್ದು ಗಡಿಯಾರದ ಮೇಲೆ. ಈಗ ‘ಏನು’ ಎಂಬುದನ್ನೂ ಯಂತ್ರವೇ ಅಂದಾಜು ಮಾಡತೊಡಗಿದೆ. ಉತ್ತರ ಮಾತ್ರ ತಪ್ಪಬಾರದು ಎಂಬ ಹಳೆಯ ಕರಾರು ಇದರ ಮೇಲೆ ನಡೆಯುವುದಿಲ್ಲ.

ಹಾಗೆಂದು ಹೊಸದನ್ನು ಬಯ್ಯುತ್ತ ಕೂರುವ ಮನಸ್ಸು ನನಗಿಲ್ಲ. ಕೇಳಬೇಕೆನಿಸಿದ್ದನ್ನು ಮನೆಮಾತಿನಲ್ಲಿ ಕೇಳುವ ಸ್ವಾತಂತ್ರ್ಯ ದೊಡ್ಡದು, ಕಾಡ್ ಹೊರಟದ್ದೂ ಆ ದಿಕ್ಕಿಗೇ. ವಿದ್ಯಾರ್ಥಿಗಳಿಗೆ ನಾನು ಹೇಳುವುದು ಒಂದೇ ಅಭ್ಯಾಸ. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸಿನಲ್ಲಿ ಕ್ವೆರಿಯ ಮುಂದೆ ಎಕ್ಸ್‌ಪ್ಲೇನ್ ಅನಲೈಸ್ ಎಂಬ ಎರಡು ಪದ ಸೇರಿಸಿ ಓಡಿಸಿ. ಪ್ರತಿ ಹೆಜ್ಜೆಯ ಎದುರಿಗೂ ಎರಡು ಅಂಕಿ ಬರುತ್ತವೆ. ಎಷ್ಟು ಸಾಲು ಬೀಳುತ್ತದೆಂದು ಮೊದಲು ಅಂದುಕೊಂಡಿತ್ತು, ಕೊನೆಗೆ ಎಷ್ಟು ಬಿತ್ತು. ಬಜೆಟ್ ಮಂಡಿಸುವವರಿರಲಿ, ಚುನಾವಣೆಯ ಸಮೀಕ್ಷೆ ಮಾಡುವವರಿರಲಿ, ತಮ್ಮ ಅಂದಾಜನ್ನೂ ಅಸಲನ್ನೂ ಹೀಗೆ ಒಂದೇ ಸಾಲಿನಲ್ಲಿ ತಾವಾಗಿಯೇ ಅಚ್ಚು ಹಾಕಿ ಕೊಡುವುದನ್ನು ನಾನು ಹೆಚ್ಚು ಕಂಡಿಲ್ಲ. ನಮ್ಮ ಕ್ಷೇತ್ರ ಅಂದಾಜನ್ನು ಗೆಲ್ಲಲಿಲ್ಲ. ಅದನ್ನು ಮುಚ್ಚಿಡದಿರುವುದನ್ನು, ಅದಕ್ಕೊಂದು ಮಿತಿ ಹಾಕುವುದನ್ನು ಕಲಿಯಿತು. ಪ್ರಶ್ನೆಯನ್ನೇ ಊಹಿಸುವ ಹೊಸ ಯಂತ್ರಗಳನ್ನು ಕಟ್ಟುವವರಿಂದ ನಾನು ಕೇಳುವುದೂ ಅಷ್ಟನ್ನೇ: ಉತ್ತರ ಕೊಡುವ ಮೊದಲು, ನೀವು ಕೇಳಿದ್ದನ್ನು ನಾನು ಹೀಗೆ ತಿಳಿದುಕೊಂಡೆ ಎಂದು ಒಂದು ಸಾಲು ಅದರ ಮೇಲೆ ಬರೆದುಕೊಡಲಿ. ಓದಿ ತಿದ್ದುವ ಕೆಲಸ ನಮ್ಮದು.